ಮೂರನೆಯ ಸಾಲಿನ ಗಂಟೆ

ನಿಮ್ಮ ಗಂಡ ದುರಗಪ್ಪ ಅಂದು ಮಧ್ಯಾಹ್ನ ಮಲಗಿರಲಿಲ್ಲ, ಕೆಂಚವ್ವ. ಗಂಟೆ ಹೊಡೆದಿತ್ತು, ಕಾವಲಿನವನು ಬರಲಿಲ್ಲ ಎಂದು ಸಾಹೇಬರ ಮುಂದೆ ನಿಂತು ಹೇಳಿದವನು ನಾನು — ಅದು ಸುಳ್ಳು. ಗಂಟೆ ಹೊಡೆದಿರಲಿಲ್ಲ. ಅದು ಹೊಡೆಯದಂತೆ ಮಾಡಿದವನೂ ನಾನೇ.

ನೀವು ನನ್ನನ್ನು ನೋಡಿಲ್ಲ. ಬಂಕಾಪುರದ ಹೊರಗಿದ್ದ ಸರ್ಕಾರಿ ಸಿಡಿಮದ್ದಿನ ಉಗ್ರಾಣದಲ್ಲಿ ನಾನು ಕರೆಂಟಿನ ತಂತಿ ನೋಡಿಕೊಳ್ಳುವ ವೈರಮನ್ ಆಗಿದ್ದೆ. ಸುತ್ತಲಿನವರು ಅದನ್ನು ಮದ್ದಿನ ಮನಿ ಎನ್ನುತ್ತಿದ್ದರು. ಕಾಲುವೆ, ರಸ್ತೆ ಕೆಲಸಕ್ಕೆ ಬಂಡೆ ಒಡೆಯುವ ಮದ್ದು, ಅದನ್ನು ಸಿಡಿಸುವ ಕೇಪುಗಳು ಅಲ್ಲಿರುತ್ತಿದ್ದವು. ನಿಮ್ಮ ಗಂಡ ಅಲ್ಲಿಯ ಕಾವಲುಗಾರ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ನಾನು ಅವರನ್ನು ನೀನು ಎನ್ನುತ್ತಿದ್ದೆ, ಅವರು ನನ್ನನ್ನು ಗೌಡ್ರ ಎನ್ನುತ್ತಿದ್ದರು. ಇದನ್ನೂ ನನ್ನ ತಪ್ಪಿಗೇ ಸೇರಿಸಿಕೊಳ್ಳಿ.

ಎಂಬತ್ತರ ದಶಕದ ಮೊದಲ ವರ್ಷಗಳವು. ಅದಕ್ಕೂ ಮೊದಲು ಉಗ್ರಾಣದ ಸುತ್ತ ಮುಳ್ಳುತಂತಿಯ ಬೇಲಿ ಮಾತ್ರ ಇತ್ತು. ಆ ಬೇಲಿಗೆ ಹರಳುಕಲ್ಲು ತುಂಬಿದ ಖಾಲಿ ಎಣ್ಣೆ ಡಬ್ಬಿಗಳನ್ನು ಕಟ್ಟಿದವರು ನಿಮ್ಮ ಗಂಡ. ಯಾರಾದರೂ ಬೇಲಿ ಮುಟ್ಟಿದರೆ ಡಬ್ಬಿ ಗಲಗಲ ಎನ್ನುತ್ತಿತ್ತು. ಆ ಸಪ್ಪಳದ ಮೇಲೆಯೇ ಬಂದದ್ದು ನಾಯಿಯೋ, ಮೇಕೆಯೋ, ಮನುಷ್ಯನೋ ಎಂದು ಹೇಳುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ ಎನ್ನಲಾರೆ, ಆದರೆ ನಾನು ಕಂಡಂತೆ ತಪ್ಪಿದ್ದಿಲ್ಲ.

ಆಮೇಲೆ ಮೇಲಿನಿಂದ ಹೊಸ ವ್ಯವಸ್ಥೆ ಬಂತು. ಕಂಬದಿಂದ ಕಂಬಕ್ಕೆ ಬಿಗಿದ ತಂತಿ, ತಂತಿ ಜಗ್ಗಿದರೆ ಇಲ್ಲವೇ ಕಡಿದರೆ ಒಳಗಿನ ಕೋಣೆಯಲ್ಲಿ ದೀಪ ಹತ್ತಿ ದೊಡ್ಡ ಗಂಟೆ ಹೊಡೆಯಬೇಕು. ಬೇಲಿಯನ್ನು ಎಂಟು ಸಾಲು ಮಾಡಿ ಒಂದೊಂದಕ್ಕೆ ಒಂದೊಂದು ದೀಪ ಇಟ್ಟಿದ್ದರು. ಹೊರಗಿನಿಂದ ಬಂದವರು ಒಂದು ವಾರದಲ್ಲಿ ಎಲ್ಲ ಜೋಡಿಸಿ, ನನ್ನ ಕೈಗೆ ಕೀಲಿ ಕೊಟ್ಟು ಹೋದರು. ಡಬ್ಬಿಗಳನ್ನು ಬಿಚ್ಚಿಸಲು ಆಜ್ಞೆಯಾಯಿತು.

"ಗೌಡ್ರ, ಆ ಮೂರನೇ ಸಾಲಿನಾಗರ ಡಬ್ಬಿ ಇರಲಿ ಬಿಡ್ರಿ. ಅಲ್ಲಿ ಜಾಲಿ ಕಂಟಿ ಭಾಳ ಐತಿ, ಕಣ್ಣಿಗೆ ಏನೂ ಕಾಣಂಗಿಲ್ಲ," ಎಂದರು ನಿಮ್ಮ ಗಂಡ.

"ಇಷ್ಟ ದೊಡ್ಡ ಮಷಿನ್ ಬಂದೈತಿ, ನಿನ್ನ ಡಬ್ಬಿ ಯಾರು ಕೇಳತಾರೋ," ಎಂದು ನಾನು ನಕ್ಕೆ.

ಆ ಮಷಿನ್ನು ಜೋಡಿಸಿದವರಿಗೆ ನಮ್ಮ ನವಿಲುಗಳ ವಿಷಯ ಯಾರೂ ಹೇಳಿರಲಿಲ್ಲ. ಬಂಕಾಪುರದ ಕೋಟೆಯ ಕಡೆಯಿಂದ ಬೆಳಿಗ್ಗೆ ಒಂದು ಹಿಂಡು, ಸಂಜೆ ಒಂದು ಹಿಂಡು ಬರುತ್ತಿತ್ತು. ಬಂದು ಕೂರುವುದು ಮೂರನೆಯ ಸಾಲಿನ ತಂತಿಯ ಮೇಲೆಯೇ. ನವಿಲು ಕೂತರೆ ಗಂಟೆ, ಎದ್ದರೆ ಗಂಟೆ. ಗಂಟೆ ಹೊಡೆದಾಗಲೆಲ್ಲ ಎಲ್ಲರೂ ಓಡಬೇಕು, ಸಾಹೇಬರಿಗೆ ಫೋನು ಹೋಗಬೇಕು, ಅವರು ಜೀಪು ಹತ್ತಿ ಬರಬೇಕು. ಮೂರು ಸಲ ಬಂದು ನವಿಲು ನೋಡಿ ಹೋದರು. ನಾಲ್ಕನೆಯ ಸಲ ನನ್ನನ್ನು ಬದಿಗೆ ಕರೆದು, "ಇನ್ನೊಮ್ಮೆ ಸುಳ್ಳ ಗಂಟಿ ಹೊಡೀತಂದ್ರ ನಿನ್ನ ಮನಿಗೆ ಕಳಸ್ತೇನಿ ನೋಡು," ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಹುಟ್ಟಾ ಪುಕ್ಕಲ, ಕೆಂಚವ್ವ — ಮೇಲಿನವರು ಕೆಮ್ಮಿದರೂ ಎದ್ದು ನಿಲ್ಲುವವನು.

ಅಂದೇ ಸಂಜೆ ಗಂಟೆಯ ಪೆಟ್ಟಿಗೆ ತೆರೆದು, ಮೂರನೆಯ ಸಾಲಿನ ಎರಡು ತುದಿಗೆ ಬೆರಳುದ್ದದ ತಾಮ್ರದ ತಂತಿ ಸೇರಿಸಿಬಿಟ್ಟೆ. ಇನ್ನು ಅಲ್ಲಿ ನವಿಲು ಕೂರಲಿ, ಕಳ್ಳ ಕೂರಲಿ, ಗಂಟೆಗೆ ತಿಳಿಯುವುದಿಲ್ಲ. ಎರಡು ದಿನದ ಮಾತು, ಜಾಲಿ ಕಡಿಸಿ, ತಂತಿ ಎತ್ತರಿಸಿ ಸರಿಮಾಡುತ್ತೇನೆ ಎಂದುಕೊಂಡೆ. ನಿಮ್ಮ ಗಂಡನಿಗೆ ಮಾತ್ರ, ತಂತಿ ಸರಿಮಾಡಿದ್ದೇನೆ, ಇನ್ನು ನವಿಲಿನ ಭಾರಕ್ಕೆ ಗಂಟೆ ಹೊಡೆಯುವುದಿಲ್ಲ ಎಂದು ಹೇಳಿದೆ. ಎರಡು ದಿನ ಎರಡು ತಿಂಗಳಾಯಿತು.

ನಿಜವಾದ ಪಾಪ ಇನ್ನು ಮುಂದಿದೆ. ದಿನಾ ಬೆಳಿಗ್ಗೆ ಎಂಟೂ ಸಾಲನ್ನು ಪರೀಕ್ಷಿಸುವ ಕ್ರಮವಿತ್ತು. ನಿಮ್ಮ ಗಂಡ ಬೇಲಿಗುಂಟ ನಡೆಯುತ್ತ, ಒಂದೊಂದು ಸಾಲಿನ ತಂತಿ ಜಗ್ಗಿ, "ಒಂದ್! ಎರಡ್!" ಎಂದು ಕೂಗುತ್ತಿದ್ದರು. ಒಳಗೆ ಗಂಟೆ ಹೊಡೆದದ್ದು ಅವರ ಕಿವಿಗೆ ಬಿದ್ದರೆ ಮುಂದಿನ ಸಾಲಿಗೆ ಹೋಗುತ್ತಿದ್ದರು. ಮೂರನೆಯದು ಬಂದಾಗ — "ಮೂರ್!" ಎಂಬ ಕೂಗು ಕೇಳುತ್ತಲೇ, ಗಂಟೆ ಬಾರಿಸಿ ನೋಡಲೆಂದು ಪೆಟ್ಟಿಗೆಯ ಮೇಲಿದ್ದ ಗುಂಡಿಯನ್ನು ನಾನು ನನ್ನ ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು. ಅವರು ಬಂದು, ಎಂಟೂ ಸಾಲು ಸರಿ ಇವೆ ಎಂದು ಬರೆದ ಪುಸ್ತಕದಲ್ಲಿ, ನಿಧಾನಕ್ಕೆ, ಅಕ್ಷರ ಕೂಡಿಸಿ ಸಹಿ ಹಾಕುತ್ತಿದ್ದರು. ಎರಡು ತಿಂಗಳು, ಪ್ರತಿದಿನ, ನಾನು ಪಕ್ಕದಲ್ಲೇ ನಿಂತು ನೋಡಿದೆ.

ಆ ಮಧ್ಯಾಹ್ನ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ನಿಮ್ಮ ಗಂಡ ಬೇಲಿ ಸುತ್ತಲು ಹೋದವರು ಓಡುತ್ತ ಕೋಣೆಗೆ ಬಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಗೌಡ್ರ, ಮೂರನೇ ಸಾಲು ಕಡದಾರ್ರಿ! ಕೇಪಿನ ಖೋಲಿ ಬಾಗಲಾ ಮುರದಾರ! ಗಂಟಿ ಯಾಕ ಹೊಡೀಲಿಲ್ಲರಿ?"

ಏನು ಮಾಡಬೇಕೋ ತಿಳಿಯಲಿಲ್ಲ. ಕೈ ತಾನಾಗಿಯೇ ಪೆಟ್ಟಿಗೆಗೆ ಹೋಗಿ ಆ ತಾಮ್ರದ ತುಂಡನ್ನು ಕಿತ್ತಿತು. ಕಿತ್ತ ಕೂಡಲೇ, ಹೊರಗೆ ಕಡಿದುಬಿದ್ದ ಸಾಲಿನ ಗಂಟೆ ಒಂದೇ ಸಮನೆ ಬಡಿಯತೊಡಗಿತು. ನಿಮ್ಮ ಗಂಡ ಗಂಟೆಯನ್ನು ನೋಡಿದರು. ನನ್ನ ಮುಷ್ಟಿಯನ್ನು ನೋಡಿದರು. ಅಷ್ಟರಲ್ಲಿ, ಹೊರಗೆ ಹೋಗಿ ಆಗಷ್ಟೇ ಮರಳುತ್ತಿದ್ದ ಗೇಟಿನವರು ಗಂಟೆಯ ಸದ್ದಿಗೆ ಓಡಿ ಬಂದರು; ಅದು ಯಾವಾಗಿನಿಂದ ಹೊಡೆಯುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಪೆಟ್ಟಿಗೆ ಕೇಪು ಹೋಗಿತ್ತು. ವಿಚಾರಣೆಯಲ್ಲಿ ಸಾಹೇಬರು ಕೇಳಿದ್ದು ಒಂದೇ ಮಾತು — ಗಂಟಿ ಹೊಡೀತೋ ಇಲ್ಲೋ? "ಹೊಡೀತ್ರಿ," ಎಂದೆ. "ಭಾಳ ಹೊತ್ತು ಹೊಡೀತು. ದುರಗಪ್ಪ ಬರಲಿಲ್ಲ. ಎಲ್ಲೆರ ಮಲಗಿದ್ದನೋ ಏನೋ."

"ಗಂಟಿ ನಾ ಬಂದು ಹೇಳಿದ ಮ್ಯಾಲ ಹೊಡೀತ್ರಿ ಸಾಹೇಬ್ರ," ಎಂದರು ನಿಮ್ಮ ಗಂಡ. ಸಾಹೇಬರು ಪರೀಕ್ಷೆಯ ಪುಸ್ತಕ ತಿರುಗಿಸಿ ಅವರ ಮುಂದಿಟ್ಟರು. ಅಂದಿನ ಬೆಳಗಿನ ಸಹಿ ಅವರದೇ. ನಾನು ಸವಣೂರು ಕಡೆಯ ಗೌಡರ ಮಗ, ಅವರು ಚಿಕ್ಕೇರೂರಿನ ಕೆಳಗಿನ ಓಣಿಯವರು. ನನ್ನ ಮಾತನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ, ಅವರ ಮಾತನ್ನು ಒಂದು ಸಲವೂ ಕೇಳಲಿಲ್ಲ. ಕಳ್ಳರ ಜೊತೆ ಸೇರಿದ್ದಾನೆಂದು ಅವರನ್ನು ಪೊಲೀಸರ ಜೀಪಿಗೆ ಹತ್ತಿಸಿದಾಗ ನಾನು ಗಂಟೆಯ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ.

ಮುಂದಿನ ದಿನಗಳ ಭಯವನ್ನು ಹೇಗೆ ಹೇಳಲಿ... ಕಳುವಾದ ಆ ಕೇಪಿನ ಪೆಟ್ಟಿಗೆ ಎಲ್ಲೋ ಇತ್ತು. ಎಲ್ಲಿ ಪಟಾಕಿ ಹೊಡೆದರೂ ಹೊರಗೆ ಓಡಿ ಹೋಗಿ ನೋಡುತ್ತಿದ್ದೆ. ಹೊಲದಲ್ಲಿ ಆಡುವ ಮಕ್ಕಳ ಕೈಗೆ ಒಂದು ಸಿಕ್ಕರೆ? ಕೊನೆಗೆ ಹಾನಗಲ್ ಕಡೆಯ ಒಂದು ಕೆರೆಯಲ್ಲಿ ಮೀನಿಗೆ ಮದ್ದು ಹಾಕಲು ಹೋದವನೊಬ್ಬ ತನ್ನ ಮೂರು ಬೆರಳು ಕಳೆದುಕೊಂಡ. ಅವನ ಗುಡಿಸಲಲ್ಲಿ ಉಳಿದ ಕೇಪುಗಳು ಸಿಕ್ಕವು. ಕಾವಲಿನವರ ಗುರುತೇ ತನಗಿಲ್ಲ ಎಂದು ಅವನು ಹೇಳಿದ ಮೇಲೆ ನಿಮ್ಮ ಗಂಡನನ್ನು ಬಿಟ್ಟರು. ಕಳ್ಳತನದ ಆರೋಪ ಹೋಯಿತು, ಮಲಗಿದ್ದ ಎಂಬ ಆರೋಪ ಉಳಿಯಿತು. ನೌಕರಿ ತಿರುಗಿ ಬರಲಿಲ್ಲ. ಆಗಲಾದರೂ ನಾನು ಬಾಯಿಬಿಡಬಹುದಿತ್ತು. ಅದೇ ತಿಂಗಳು ನನ್ನ ನೌಕರಿ ಕಾಯಂ ಆಯಿತು.

ಕೆಲವು ವರ್ಷಗಳ ನಂತರ ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಅವರು ಎದುರಿಗೆ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಗೌಡ್ರ, ಆರಾಮ ಅದೀರೇನ್ರಿ?" ಎಂದು ಕೇಳಿ, ಸ್ವಲ್ಪ ಹತ್ತಿರ ಬಂದು ಹೇಳಿದರು: "ನೌಕರಿ ಹೋತು, ಹೋಗಲಿ ಬಿಡ್ರಿ. ನಮ್ಮ ಮನ್ಯಾಕಿ ನಂಬವಲ್ಲಳ್ರಿ. ನೀ ಮಲಗಿದ್ದಿ, ಅದಕ್ಕ ಮಕ್ಕಳ ಬಾಯಾಗ ಮಣ್ಣ ಬಿತ್ತು ಅಂತಾಳ. ನೀವ ಒಮ್ಮೆ ಬಂದು ಅಕೀ ಮುಂದ ಖರೆ ಹೇಳ್ರಿ. ಬ್ಯಾರೆ ಯಾರಿಗೂ ಹೇಳೂದು ಬ್ಯಾಡ."

ಅವರು ಕೇಳಿದ್ದು ಅಷ್ಟೇ. ಸಾಹೇಬರ ಹತ್ತಿರ ಅಲ್ಲ, ಪೊಲೀಸರ ಹತ್ತಿರ ಅಲ್ಲ — ನಿಮ್ಮ ಮುಂದೆ, ಒಂದು ಸಲ. ನಾನು, "ಬಸ್ಸ ಬಂತು," ಎಂದೆ. ಕಣ್ಣಿಗೆ ಬಿದ್ದ ಬಸ್ಸಿಗೆ ಹತ್ತಿಬಿಟ್ಟೆ. ಅದು ತಡಸಕ್ಕೆ ಹೋಗುವ ಬಸ್ಸು. ತಡಸದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಅಲ್ಲಿಳಿದು, ಒಂದು ಚಹಾದಂಗಡಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ತಿರುಗಿ ಹೋದರೆ ಅವರು ಇನ್ನೂ ನಿಂತಿರುತ್ತಾರೆಂಬ ಹೆದರಿಕೆ.

ಹೋದ ವಾರ ಹಾನಗಲ್ಲಿನ ಸಂತೆಯಲ್ಲಿ ನಿಮ್ಮ ಓಣಿಯವರೊಬ್ಬರು ಸಿಕ್ಕಿದ್ದರು. ದುರಗಪ್ಪ ತೀರಿಕೊಂಡು ಎರಡು ತಿಂಗಳಾಯಿತು ಎಂದರು. ಇನ್ನೊಂದು ಮಾತೂ ಹೇಳಿದರು. ಊರಿಗೆ ಮರಳಿದ ಮೇಲೆ ಅವರು ಹಗಲು ಹೊತ್ತಿನಲ್ಲಿ ಒಮ್ಮೆಯೂ ಅಡ್ಡಾಗಲಿಲ್ಲವಂತೆ. ಜ್ವರದಿಂದ ಮೈ ಸುಡುತ್ತಿದ್ದಾಗಲೂ, ಕೊನೆಯ ದಿನಗಳಲ್ಲೂ, ಗೋಡೆಗೆ ಒರಗಿ ಕಣ್ಣು ತೆರೆದುಕೊಂಡು ಕೂತೇ ಇರುತ್ತಿದ್ದರಂತೆ. ಯಾಕೋ ಆ ಮನುಷ್ಯಾಗ ಹಂಗೊಂದ ಹಟ ಇತ್ತರಿ, ಎಂದರು ಅವರು.

ಇಷ್ಟು ವರ್ಷ ನೀವು ಅವರಿಗೆ ಆಡಿದ ಮಾತುಗಳೆಲ್ಲ ನನಗೆ ಸೇರಬೇಕಾದವು. ನಿಮ್ಮಿಬ್ಬರ ನಡುವೆ ಆ ಗೋಡೆ ಕಟ್ಟಿದವನು ನಾನು. ನಿಮ್ಮ ತಪ್ಪೇನೂ ಇಲ್ಲ. ನೀವು ನಂಬಿದ್ದು ಸರ್ಕಾರದ ಕಾಗದವನ್ನು, ಆ ಕಾಗದದಲ್ಲಿದ್ದದ್ದು ನನ್ನ ಸುಳ್ಳು.

ಈ ಪತ್ರದಲ್ಲಿ ಇಲ್ಲಿಯವರೆಗೆ ಬರೆದದ್ದರ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ಇಲಾಖೆಗೆ ಅಂಚೆಗೆ ಹಾಕಿದೆ. ನಾಳೆ ಮತ್ತೆ ಹೆದರಿ ಹಿಂದೆ ಸರಿಯಬಾರದಲ್ಲ, ಅದಕ್ಕೆ. ಪಿಂಚಣಿ ನಿಲ್ಲಿಸುತ್ತಾರೋ, ಕೋರ್ಟಿಗೆ ಕರೆಯುತ್ತಾರೋ, ಆಗುವುದು ಆಗಲಿ. ನಿಮಗೆ ಓದು ಬರುವುದಿಲ್ಲವೆಂದು ತಿಳಿಯಿತು. ನಾಳೆ ಹಿರೇಕೆರೂರಿನ ಬಸ್ಸು ಹಿಡಿದು ಚಿಕ್ಕೇರೂರಿಗೆ ಬರುತ್ತೇನೆ. ನಿಮ್ಮ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಇದನ್ನು ನಾನೇ ಓದುತ್ತೇನೆ. ನಿಮ್ಮ ಮಕ್ಕಳು ನನ್ನ ಮೇಲೆ ಕೈಮಾಡಿದರೆ ತಡೆಯಬೇಡಿ.

ನನಗೆ ಭಯವಿರುವುದು ಅವರದ್ದಲ್ಲ. ಓದಿ ಮುಗಿಸಿದ ಮೇಲೆ ನೀವು ಕೇಳುತ್ತೀರಿ — ಅಂವ ಇದ್ದಾಗ ಯಾಕ ಬರಲಿಲ್ಲ? ಆದರೂ ಬರುತ್ತೇನೆ, ಕೆಂಚವ್ವ.