ಕಪಿಲೆಯ ಅಧ್ಯಾಯದಲ್ಲಿ ಇಲ್ಲದವನು

ನಾನು ಬರೆಯುತ್ತಿದ್ದ ಕಾದಂಬರಿಯಲ್ಲಿ ಹದಿನೆಂಟರ ತರುಣನೊಬ್ಬ ತಾನು ಬೆಳೆದ ಕಥೆಯನ್ನು 'ನಾನು' ಎಂದೇ ಹೇಳುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಅವನು ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವಾಗ ಎತ್ತುಗಳು ಅದರೊಳಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪುತ್ತದೆ. ಅದು ಬಡವನಹಳ್ಳಿ ಹತ್ತಿರದ ನಮ್ಮ ಹೊಲದಲ್ಲಿ ನಿಜವಾಗಿ ನಡೆದದ್ದು. ಇನ್ನೂ ಪಂಪ್‌ಸೆಟ್ ಬಂದಿರಲಿಲ್ಲ. ನಾನು ತುಮಕೂರಿನ ಕಾಲೇಜಿನಿಂದ ರಜಕ್ಕೆ ಬಂದಿದ್ದೆ. ಆದರೆ ಕಪಿಲೆ ಹೊಡೆಯುತ್ತಿದ್ದವನು ನಾನಲ್ಲ, ನನ್ನ ಅಣ್ಣ.

ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಅದನ್ನು ಮತ್ತೆ ಇಳಿಸಲು ಅವು ಬಾವಿಯ ಅಂಚಿನವರೆಗೆ ಹಿಂದಕ್ಕೇ ಹೆಜ್ಜೆ ಹಾಕಬೇಕು. ಅಂಚು ಅವಕ್ಕೆ ಕಾಣದು. ಅಣ್ಣನ ಹಾಡು ಮುಗಿದು 'ಹೋ' ಎಂದ ಕಡೆ ನಿಲ್ಲುವುದಷ್ಟೇ ಅವಕ್ಕೆ ರೂಢಿ.

ವರ್ಷಗಳ ನಂತರ ಒಂದು ಮಧ್ಯಾಹ್ನ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಣ್ಣನಿಗೆ ಆ ಅಧ್ಯಾಯ ಓದಿ ಹೇಳಿದೆ. 'ಎತ್ತಿನ ಹಿಂಗಾಲು ಕಲ್ಲಿನಿಂದ ಜಾರುವುದನ್ನು ಕಂಡೆ' ಎಂಬಲ್ಲಿ ಅವನು ತಡೆದ.

"ಹಿಂಗಾಲು ನಂಗೆಲ್ಲಿ ಕಾಣ್ತಿತ್ತಲೇ? ನಾನು ಮುಂದ್ಗಡೆ ಮೂಗುದಾರ ಹಿಡ್ಕಂಡಿದ್ದೆ. ಅದು ಕಂಡಿದ್ದು ಪಕ್ಕದಾಗಿದ್ದ ನಿಂಗೆ."

"ಹಂಗಾರೆ ನಿಂಗೇನು ಕಾಣ್ತಣ್ಣ?"

"ಎತ್ತಿನ ಮೂಗಿನ ಮ್ಯಾಲೆ ಒಂದು ನೊಣ ಕುಂತಿತ್ತು ಕಣ್ಲಾ. ಅಷ್ಟು ಹೊತ್ತೂ ಹಾರ್ಲೇ ಇಲ್ಲ."

ಆ ನೊಣ ನನಗೆ ಯಾವ ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಪುಟದ ಅಂಚಿನಲ್ಲಿ ಆತುರದಿಂದ ಗುರುತು ಹಾಕಿಕೊಂಡೆ.

"ಬಿ.ಎ. ಓದ್ಬುಟ್ಟು ನನ್ ನೊಣ ಕದೀತೀಯಲ್ಲೋ" ಎಂದು ಅವನು ನಕ್ಕ. ಆಮೇಲೆ ಕೇಳಿದ: "ಅದ್ಸರಿ, ಹಾಡಿನ ನಡೂಕೆ ಮಾತಾಡ್ಸಿದೋನು ಇದ್ರಾಗೆ ಇಲ್ವಲ್ಲ?"

ಅವನು ನಾನೇ. ಬಾವಿಯ ಪಕ್ಕದ ಕಾಲುವೆಯಲ್ಲಿ ಕಾಲು ತೊಳೆಯುತ್ತ ಏನೋ ಕೇಳಿದ್ದೆ. ಉತ್ತರಿಸಲು ಅಣ್ಣ ಹಾಡು ನಿಲ್ಲಿಸಿದ, ಎತ್ತುಗಳು ನಿಲ್ಲಲಿಲ್ಲ. ಒಂದರ ಹಿಂಗಾಲು ಬಾವಿಯ ಮೇಲೆ ಗಾಳಿಯಲ್ಲಿತ್ತು. ಅಣ್ಣ ಮೂಗುದಾರ ಜಗ್ಗಿದ ರಭಸಕ್ಕೆ ತಾನೇ ಅಂಗಾತ ಬಿದ್ದ. ಮುನ್ನುಗ್ಗಿದ ಎತ್ತಿನ ಗೊರಸು ಅವನ ಕಿವಿಯ ಪಕ್ಕದ ಮಣ್ಣಿನಲ್ಲಿ ಊರಿತು. ನಾನು ಕಾಲುವೆಯಿಂದ ಕದಲಲೇ ಇಲ್ಲ. ಆ ಗೊರಸು ಇಂದಿಗೂ ನನ್ನ ಕಣ್ಣೆದುರು ಮತ್ತೆ ಮತ್ತೆ ಇಳಿಯುತ್ತದೆ. ಅಣ್ಣ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

'ನಾನು' ಎಂಬುದನ್ನು ಅಣ್ಣನ ಜಾಗಕ್ಕೆ ಒಯ್ದರೆ ನಾನಿದ್ದ ಜಾಗ ಖಾಲಿಯಾಗುತ್ತದೆಂದು ತಿಳಿಯದೆ ಬರೆದೆನೋ, ತಿಳಿದೇ ಬರೆದೆನೋ?

"ಬುಡು, ಕತೆ ತಾನೆ" ಎಂದ ಅಣ್ಣ.

ಅಧ್ಯಾಯವನ್ನು ಹೊಡೆದುಹಾಕಿದೆ. ಆ ತರುಣನನ್ನು ಕಾಲುವೆಯಲ್ಲಿ ನಿಲ್ಲಿಸಿ ಮೊದಲಿನಿಂದ ಬರೆಯತೊಡಗಿದೆ. ಹಾಡಿನ ನಡುವೆ ಅವನು ಬಾಯಿ ತೆರೆಯುವವರೆಗೆ ವಾಕ್ಯಗಳು ಸಲೀಸಾಗಿ ಬಂದವು.