ಊರವ್ವ ನಜಾರಿಯಾ

ವಿಲಕೊಲ್ಲುವಿನಲ್ಲಿ ಊರ ಯಜಮಾನಿಕೆಯನ್ನು ಯಾರೂ ಬೇಡಿ ಪಡೆಯುವುದಿಲ್ಲ, ಬೇಡವೆಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಮನೆಯಿಂದ ಮನೆಗೆ ಸರದಿ ಬರುತ್ತದೆ. ಭೂಮಿ ಉಳುವವರು ಒಂದು ವರ್ಷ ಊರಿಗೆ ಅಪ್ಪ ಅವ್ವ ಆಗಲೇಬೇಕು, ಇಲ್ಲವಾದರೆ ಆ ಭೂಮಿ ಊರಿಗೆ ಸೇರುತ್ತದೆ. ಅದೂ ಗಂಡ ಹೆಂಡತಿ ಜೋಡಿಯಾಗಿಯೇ ಆಗಬೇಕು. ಒಂಟಿ ಮನುಷ್ಯರನ್ನು ನಮ್ಮ ಬೊಲಿವಿಯಾದ ಈ ಬಯಲಿನಲ್ಲಿ ಪೂರ್ತಿ ಮನುಷ್ಯರೆಂದು ಎಣಿಸುವ ರೂಢಿಯಿಲ್ಲ.

ನಜಾರಿಯಾ ಕಾಯಿಸಾಯಾಳ ಮನೆಗೆ ಸರದಿ ಬಂದಾಗ ಅವಳಿಗೆ ಐವತ್ತೊಂದು ವರ್ಷ. ಗಂಡ ಪೊನ್ಸಿಯಾನೊ ಎಲ್ ಆಲ್ತೊ ನಗರದಲ್ಲಿ ವ್ಯಾನು ಓಡಿಸುತ್ತಿದ್ದ. ಬಿತ್ತನೆಗೊಮ್ಮೆ, ಕೊಯ್ಲಿಗೊಮ್ಮೆ ಬಂದು ಹೋಗುತ್ತಿದ್ದ. ಊರಿಗೆ ಗೊತ್ತಿದ್ದದ್ದು ಇಷ್ಟೇ, ಗೊತ್ತಿಲ್ಲದ್ದು ಬೇರೆಯೇ ಇತ್ತು. ಆರು ವರ್ಷದ ಹಿಂದೆ ನಜಾರಿಯಾ ಒಂದು ಮೂಟೆ ಆಲೂಗಡ್ಡೆ ಹೊತ್ತುಕೊಂಡು, ಹೇಳದೆ ಕೇಳದೆ ಅವನ ಬಾಡಿಗೆ ಮನೆಗೆ ಹೋಗಿದ್ದಳು. ಬಾಗಿಲು ತೆರೆದದ್ದು ಪೊನ್ಸಿಯಾನೊನದೇ ಮೂಗಿನ ಪುಟ್ಟ ಹುಡುಗಿ. ಒಳಗೆ ಯಾರೋ ಹೆಂಗಸು ಕೂಸಿಗೆ ಲಾಲಿ ಹಾಡುತ್ತಿದ್ದಳು. ನಜಾರಿಯಾ ಮೂಟೆಯನ್ನು ಹೊಸಿಲ ಬಳಿ ಇಳಿಸಿ ಅದೇ ಬಸ್ಸಿಗೆ ಹಿಂದಿರುಗಿದಳು. ಯಾರಿಗೂ ಹೇಳಲಿಲ್ಲ. ಮೊದಮೊದಲು ಅತ್ತಳು. ಆಮೇಲೆ ನಾಲ್ಕು ಹೊಲ, ಇಪ್ಪತ್ತು ಕುರಿ, ತನ್ನ ಒಲೆ, ತನ್ನ ಹಾಸಿಗೆ ಅವಳಿಗೆ ಎಷ್ಟು ಹಿಡಿಸಿತೆಂದರೆ, ಗಂಡ ಬರುವ ದಿನಗಳೇ ಬೇಸರವಾಗತೊಡಗಿದವು.

ಈಗ ಭೂಮಿ ಉಳಿಯಬೇಕಾದರೆ ಅವನೇ ಬೇಕಾಯಿತು. ಕರೆಸಿದಳು. ಅವನೂ ಕುಣಿಯುತ್ತ ಬಂದ, ಯಜಮಾನರು ತೊಡುವ ಕೆಂಪು ಕಂಬಳಿಯಂಗಿ ಯಾರಿಗೆ ಬೇಡ? ಜನವರಿ ಒಂದರಂದು ಇಬ್ಬರ ಹೆಗಲಿಗೂ ಯಜಮಾನಿಕೆಯ ಗುರುತಾದ ಚಾಟಿ ಬಂತು. ಎಂಬತ್ತರ ಮುದುಕರೂ ಅವಳನ್ನು ಅವ್ವಾ ಎಂದು ಕರೆಯತೊಡಗಿದರು.

ಆ ಚಾಟಿ ಹೊಡೆಯುವುದಕ್ಕಲ್ಲ. ಅದನ್ನು ಹೊತ್ತವರು ನಾಯಿಗೂ ಏಟು ಹಾಕುವಂತಿಲ್ಲ, ದನಿ ಏರಿಸುವಂತಿಲ್ಲ, ಒಬ್ಬರಿಗೊಬ್ಬರು ಮುಖ ಗಂಟಿಕ್ಕುವಂತಿಲ್ಲ. ಬೆಳಗಾದರೆ ಜೋಡಿಯಾಗಿ ಹೊಲಗಳ ಸುತ್ತ ನಡೆಯಬೇಕು, ಬೆಳೆಯನ್ನು ಮಕ್ಕಳಂತೆ ಮಾತಾಡಿಸಬೇಕು. ಊರಿನ ಅಪ್ಪ ಅವ್ವನ ಮನೆ ಕೊಳೆತರೆ ಆಲಿಕಲ್ಲು ದಾರಿ ಹುಡುಕಿಕೊಂಡು ಬರುತ್ತದೆ ಎಂಬುದು ನಮ್ಮವರ ನಂಬಿಕೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರು ಕಾಯುತ್ತಾರೆ?

ಪೊನ್ಸಿಯಾನೊ ಕೆಟ್ಟ ಯಜಮಾನನೇನಲ್ಲ. ಪುರಸಭೆಯ ಬಾಗಿಲಲ್ಲಿ ಹಟ ಹಿಡಿದು ಕೂತು, ಹಿಂದಿನ ಹತ್ತು ಯಜಮಾನರ ಕೈಲಾಗದಿದ್ದ ನಲ್ಲಿ ನೀರನ್ನು ಒಂದೇ ತಿಂಗಳಲ್ಲಿ ತರಿಸಿದ. ಆದರೆ ಗುರುವಾರ ಬಂತೆಂದರೆ ಕಚೇರಿ ಕೆಲಸವೆಂದು ಬಸ್ಸು ಹತ್ತಿದವನು ಭಾನುವಾರವೇ ಇಳಿಯುತ್ತಿದ್ದ. ನಜಾರಿಯಾಳಿಗೆ ಆ ಮೂರು ದಿನವೇ ಉಸಿರು.

ಫೆಬ್ರವರಿಯ ಒಂದು ಶನಿವಾರ, ಆಲೂಗಡ್ಡೆ ಹೂ ಬಿಟ್ಟಿದ್ದಾಗ, ಆಲಿಕಲ್ಲು ಬಿತ್ತು. ಗಂಡ ಊರಲ್ಲಿರಲಿಲ್ಲ. ಅವಳೊಬ್ಬಳೇ ಗುಡ್ಡದ ಮೇಲೆ ಹೊಗೆ ಹಾಕಿ, ಮೋಡದ ಕಡೆ ಚಾಟಿ ಬೀಸಿ, ಗಂಟಲು ಕಟ್ಟುವವರೆಗೆ ಕೂಗಿದಳು. ಕಾಲು ಗಂಟೆಯಲ್ಲಿ ಅರ್ಧ ಊರಿನ ಬೆಳೆ ನೆಲಕಚ್ಚಿತ್ತು.

ಭಾನುವಾರ ಬಂದ ಗಂಡನನ್ನು ಅವಳು ದನಿ ಏರಿಸದೆಯೇ ಕೇಳಿದಳು, ಎಲ್ ಆಲ್ತೊದ ಆ ಮನೆ ನನಗೆ ಗೊತ್ತು, ಇದಕ್ಕೆ ನಾವೇ ಹೊಣೆಯಲ್ಲವೇ ಎಂದು.

"ನೀರು ತಂದಿದ್ದು ಯಾರೇ? ನಾನಲ್ವಾ?" ಎಂದ ಅವನು. "ನಾನು ಎಲ್ಲಿ ಮಲಗ್ತೀನಿ ಅನ್ನೋದು ಮೋಡಕ್ಕೆ ಯಾಕೆ ಬೇಕು? ಊರ ಕೆಲಸ ಬೇರೆ, ನನ್ನ ಮನೆ ಬೇರೆ."

ಅವನು ತಂದ ನೀರಿನಲ್ಲೇ ಅವಳ ಒಲೆಯ ಮೇಲೆ ಕಿನೊವಾ ಕಾಳು ಬೇಯುತ್ತಿತ್ತು.

ಸೋಮವಾರ ಶಾಲೆಯ ಅಂಗಳದಲ್ಲಿ ಊರು ಸೇರಿತು. ಆಲಿಕಲ್ಲು ಬಿದ್ದ ಮೇಲೆ ಪಾಪ ಎಲ್ಲಿದೆಯೆಂದು ಹುಡುಕುವುದು ಪದ್ಧತಿ. ಮೊದಲು ಯಜಮಾನ ದಂಪತಿ ಚಾಟಿಯ ಮುಂದೆ ಮೊಣಕಾಲೂರಿ ತಮ್ಮ ಮನೆ ಶುದ್ಧವೆಂದು ಹೇಳಬೇಕು. ಆಮೇಲೆ ಮಿಕ್ಕ ಮನೆಗಳ ಸರದಿ. ಆದರೆ ಎಲ್ಲರ ಕಣ್ಣು ಆಗಲೇ ಡೆಲಿಯಾಳ ಮನೆ ಕಡೆಗಿತ್ತು. ರಾಜಧಾನಿಯಲ್ಲಿ ಮನೆಗೆಲಸಕ್ಕಿದ್ದ ಇಪ್ಪತ್ತೆರಡರ ಆ ಹೆಣ್ಣು ತಿಂಗಳ ಹಿಂದೆ ಬಡಕಲಾಗಿ ಹಿಂದಿರುಗಿದ್ದಳು, ತಾಯಿ ಅವಳನ್ನು ಹೊರಗೆ ಬಿಟ್ಟಿರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಕಳಚಿತು, ಹೆಸರಿಡದೆ ಕದ್ದು ಹೂತಳು, ಅದೇ ಆಲಿಕಲ್ಲನ್ನು ಕರೆಯಿತು ಎಂದು ಪಿಸುಮಾತು. ಹಾಗೆ ತೀರ್ಮಾನವಾದರೆ ಅವಳು ಊರು ಬಿಡಬೇಕು. ಅವಳ ಮೈ ನೋಡಿ ಹೇಳಲು ಹೆಂಗಸರನ್ನು ಒಳಗೆ ಕರೆದೊಯ್ಯಬೇಕಾದವಳು ಊರವ್ವ, ಅಂದರೆ ನಜಾರಿಯಾಳೇ.

ಪೊನ್ಸಿಯಾನೊ ಮೊಣಕಾಲೂರಿ, ನಮ್ಮ ಮನೆ ಶುದ್ಧ ಎಂದು ಗಟ್ಟಿಯಾಗಿ ಹೇಳಿದ. ಅವಳ ಸರದಿ ಬಂತು. ಹೌದೆಂದರೆ ಆ ಹುಡುಗಿಯ ಬಾಳು ಹೋಯಿತು. ಅಲ್ಲವೆಂದರೆ ಯಜಮಾನಿಕೆಯ ವರ್ಷ ಕೆಟ್ಟಿತು, ಭೂಮಿ ಹೋಯಿತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವಳಿಗೆ ಹುಡುಗಿಯ ಮೇಲೆ ಮರುಕಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಹೇಸಿಗೆ ಬಂತು.

"ನಮ್ಮನೆ ಶುದ್ಧ ಇಲ್ಲ," ಎಂದಳು. "ಇವರಿಗೆ ಎಲ್ ಆಲ್ತೊದಲ್ಲಿ ಇನ್ನೊಂದು ಸಂಸಾರ ಇದೆ, ಇಬ್ಬರು ಮಕ್ಕಳಿದಾರೆ. ಆರು ವರ್ಷದಿಂದ ನಂಗೊತ್ತು. ಭೂಮಿ ಆಸೆಗೆ ಮುಚ್ಚಿಟ್ಟಿದ್ದೆ. ಆ ಹುಡುಗಿ ತಂಟೆಗೆ ಯಾರೂ ಹೋಗ್ಬೇಡಿ."

ಆಮೇಲಿನದು ಸಂತೆ. ನಲ್ಲಿ ಹಾಕಿಸಿದವನು ಎಲ್ಲಿ ಮಲಗಿದರೆ ನಮಗೇನು, ಕೊಡ ತುಂಬಿದರೆ ಸಾಕು ಎಂದು ಹೆಂಗಸರಲ್ಲೇ ನಾಲ್ಕು ಜನ ವಾದಿಸಿದರು. ಇಂಥ ಸಂಸಾರ ಇನ್ನೆಷ್ಟು ಗಂಡಸರಿಗಿದೆಯೋ ಎಂದು ಒಬ್ಬಳು ಕೇಳಿದ್ದಕ್ಕೆ ಗಂಡಸರು ಟೋಪಿ ಸರಿಮಾಡಿಕೊಂಡರು. ಕೊನೆಗೆ ಹಿರಿಯ ಸೆವೆರೊಜ್ಜ ಎದ್ದ.

"ಬೇರೆಯವನು ಮಾಡಿದ್ರೆ ಅದು ಅವನ ಮನೆ ಪಾಪ. ಅಪ್ಪ ಆದವನು ಮಾಡಿದ್ರೆ ಊರ ಪಾಪ. ನಿನ್ನ ನೀರು ಕುಡೀತೀವಿ ಕಣಪ್ಪ, ಹಂಗಂತ ನಿನ್ನ ಪಾಪ ಕುಡಿಯಕ್ಕಾಗಲ್ಲ."

ಹಿರಿಯರ ಕೈಯಿಂದ ಇಬ್ಬರಿಗೂ ಮೂರು ಮೂರು ಏಟು. ಗಂಡ ಹೆಂಡತಿ ಒಂದೇ ಮೈ, ಆದ್ದರಿಂದ ಅವಳಿಗೂ. ಅವಳು ಬೆನ್ನು ಬಾಗಿಸಿದಳು. ಇನ್ನು ಭೂಮಿ ಹೋಗುತ್ತದೆ, ಇವನೂ ಹೋಗುತ್ತಾನೆ ಎಂದುಕೊಂಡಾಗ ಅವಳಿಗೆ ಒಂದು ಬಗೆಯ ಹಗುರವೇ ಆಗಿತ್ತು. ಆದರೆ ಸೆವೆರೊಜ್ಜನ ಮಾತು ಮುಗಿದಿರಲಿಲ್ಲ. ಅಪ್ಪ ಅವ್ವ ಇಲ್ಲದ ಊರು ಆಲಿಕಲ್ಲಿಗಿಂತ ಕೇಡು, ವರ್ಷ ಪೂರೈಸಲೇಬೇಕು ಎಂದ. ಪೊನ್ಸಿಯಾನೊ ಊರ ಗಡಿ ದಾಟುವಂತಿಲ್ಲ.

"ಇನ್ಮೇಲೆ ಒಂದೇ ಸೂರು, ಒಂದೇ ಹಾಸಿಗೆ," ಎಂದು ಅಜ್ಜ ಅವಳ ತಲೆ ಸವರಿದ. "ಭೂಮಿ ಎಲ್ಲಿಗೂ ಹೋಗಲ್ಲ. ಹೆದರ್ಬೇಡ ಅವ್ವ, ನಿನ್ನ ಗಂಡನ್ನ ನಿಂಗೇ ತಿರುಗಿ ಕೊಟ್ಟಿದೀವಿ."

ಅದರ ಬದಲು ಇನ್ನೂ ಮೂರು ಏಟು ಕೊಟ್ಟಿದ್ದರೆ ಅವಳು ಸುಮ್ಮನೆ ತಿನ್ನುತ್ತಿದ್ದಳು.

ಡೆಲಿಯಾ ಬದುಕಿಕೊಂಡಳು. ವಾರದಲ್ಲೇ ಕುರಿ ಹೊಡೆದುಕೊಂಡು ಹೊರಗೆ ಬಂದಳು. ಅವಳಿಗೆ ಏನಾಗಿತ್ತೆಂದು ಮತ್ತೆ ಯಾರೂ ಕೇಳಲಿಲ್ಲ. ನಜಾರಿಯಾಳ ಮೂರು ದಿನದ ಉಸಿರು ಮಾತ್ರ ನಿಂತಿತು. ಗುರುವಾರದ ಬಸ್ಸು ಹಾರ್ನು ಹಾಕಿದಾಗ ಪೊನ್ಸಿಯಾನೊ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದ. ಆಚೆ ಫೋನಿನಲ್ಲಿ ಮಗಳು ಯಾವಾಗ ಬರ್ತೀಯಪ್ಪಾ ಎಂದು ಕೇಳುವುದು ಇವಳ ಕಿವಿಗೂ ಬೀಳುತ್ತಿತ್ತು. ಆ ಮಗುವಿನ ಅಪ್ಪನನ್ನು ಕಿತ್ತುಕೊಂಡವಳು ತಾನೇ ಎಂದು ಅನಿಸುತ್ತಿತ್ತು, ತನಗೆ ಬೇಡದ ಗಂಡನನ್ನು! ಬೆಳಗಾದರೆ ಇಬ್ಬರೂ ಮುಖ ಗಂಟಿಕ್ಕದೆ ಹೊಲ ಸುತ್ತಬೇಕು. ರಾತ್ರಿಯ ಅವನ ಗೊರಕೆಯನ್ನೂ ಊರಿನ ಹಿತಕ್ಕೆಂದು ಸಹಿಸಬೇಕು.

ಕೊಯ್ಲಿನವರೆಗೆ ಆಲಿಕಲ್ಲು ಬೀಳಲಿಲ್ಲ. ಉಳಿದ ಆಲೂಗಡ್ಡೆ ಮುಷ್ಟಿಗಾತ್ರ ಬಂತು. ಜೋಡಿ ಕೂಡಿ ಬಾಳಿದ್ದಕ್ಕೆ ಭೂಮಿ ಒಪ್ಪಿತು ಎಂದು ನಲ್ಲಿ ಪಕ್ಷದವರೂ ಮಾತು ಬದಲಿಸಿದರು.

ಡಿಸೆಂಬರಿನಲ್ಲಿ, ಅವಳು ಬೆರಳು ಮಡಿಸಿ ದಿನ ಎಣಿಸುತ್ತಿದ್ದಾಗ, ಸೆವೆರೊಜ್ಜ ನಾಲ್ವರು ಹಿರಿಯರೊಡನೆ ಬಂದು ಕೋಕಾ ಎಲೆಯ ಗಂಟು ಬಿಚ್ಚಿದ. ಎಲೆ ತೆಗೆದುಕೊಂಡರೆ ಒಪ್ಪಿದಂತೆ, ನೂಕಿದರೆ ಊರಿಗೆ ಬೆನ್ನು ತಿರುಗಿಸಿದಂತೆ. ಬೆನ್ನು ತಿರುಗಿಸಿದವರ ಭೂಮಿಯ ಮಾತು ಮತ್ತೆ ಏಳುತ್ತದೆ. ಸುತ್ತಲ ಹನ್ನೊಂದು ಊರಿಗೂ ಸೇರಿದ ದೊಡ್ಡ ಯಜಮಾನಿಕೆ ಖಾಲಿಯಿತ್ತು. ಅವಧಿ ಎರಡು ವರ್ಷ.

"ಮೊಣಕಾಲೂರಿ ಸುಳ್ಳು ಹೇಳಿದವರನ್ನ ಬೇಕಾದಷ್ಟು ಕಂಡಿದೀವಿ," ಎಂದ ಅಜ್ಜ. "ನಿಜ ಹೇಳಿದವಳು ಹನ್ನೊಂದೂರಲ್ಲೂ ನೀನೊಬ್ಬಳೇ ಅವ್ವ."

"ಹಂಗಾದ್ರೆ ನನ್ನೊಬ್ಬಳನ್ನೇ ಕೂರಿಸಿ ಅಜ್ಜ," ಎಂದಳು ನಜಾರಿಯಾ.

ಹಿರಿಯರು ಪ್ರೀತಿಯಿಂದ ನಕ್ಕರು. ಒಂಟಿ ಎತ್ತು ಕಟ್ಟಿ ಉಳುವುದುಂಟೇ ಎಂದರು. ಪೊನ್ಸಿಯಾನೊ ಒಂದು ಕ್ಷಣ ಬಸ್ಸು ಬರುವ ದಾರಿ ನೋಡಿದ, ಆಮೇಲೆ ಹೆಗಲ ಮೇಲಿನ ಕೆಂಪು ಕಂಬಳಿಯಂಗಿ ನೋಡಿಕೊಂಡ, ಎಲೆ ಎತ್ತಿ ಬಾಯಿಗೆ ಹಾಕಿಕೊಂಡ. ಎಲ್ಲರೂ ಅವಳ ಕಡೆ ತಿರುಗಿದರು. ಅವಳೂ ಒಂದು ಎಲೆ ತೆಗೆದುಕೊಂಡಳು. ಅದನ್ನು ಅಗಿಯಲು ತುಂಬಾ ಹೊತ್ತು ಹಿಡಿಯಿತು. ಹಿರಿಯರು ಅದನ್ನು ವಿನಯವೆಂದು ತಿಳಿದು ಟೋಪಿ ತೆಗೆದು ಕಾದರು.