ಪರದೆ ಪೈಪಿನ ರಸಾಯನಶಾಸ್ತ್ರ

ಕಳ್ಳಕವಟಗಿಯ ಕುರಿಗಾಹಿ ಅಮೋಘಿಯ ಮಗಳು ಮಹಾನಂದಾ ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿಗೆ ಸೇರಿ ಆರು ವರ್ಷವಾಗಿತ್ತು. ಆರೂ ವರ್ಷ ಅವಳು ಮನಸಾರೆ ಹೇಸಿದ್ದು ಒಬ್ಬನಿಗೇ, ತನ್ನ ಗೈಡು ಧರ್ಮರಾಜ ಸರ್‌ಗೆ. ಅವನ ಸಹಿಯಿಲ್ಲದೆ ಪ್ರಬಂಧ ಮುಂದಕ್ಕೆ ಹೋಗದು, ಅದೊಂದೇ ಕರ್ಮ.

ಆ ಮಹಾಶಯನ ವಿದ್ಯೆಯೆಲ್ಲ ಒಂದು ಪರದೆ ಪೈಪಿನದು. ಉದ್ದನೆಯ ಪಾಲಿಮರ್ ಸರಪಳಿಯ ಮೇಲೆ ಉಂಗುರದಂಥ ಅಣುಗಳು ಪೋಣಿಸಿಕೊಳ್ಳುವುದನ್ನು ಕಾಲೇಜಿನ ತಪಾಸಣೆಗೆ ಬಂದವರಿಗೆ ತೋರಿಸಲು ಹಿಂದೊಮ್ಮೆ ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾದರಿ ಮಾಡಿಸಿದ್ದ. ಅಂಗಡಿಯವನ ಹತ್ತಿರ ಇದ್ದದ್ದು ಕಿಟಕಿಗೆ ಪರದೆ ತೂಗುಹಾಕುವ ಪೈಪು. ಅದಕ್ಕೇ ನಾಲ್ಕು ರಿಂಗು ತೂರಿಸಿ ಕೊಟ್ಟ. ಮುಗಿಯಿತು! ಪೈಪು ಬಾಗುವುದಿಲ್ಲ, ಆದ್ದರಿಂದ ಸರಪಳಿಯೂ ಬಾಗುವುದಿಲ್ಲ. ಅವನ ನಾಲ್ಕು ಮಂದಿ ಶಿಷ್ಯರು ಆ ಪೈಪು ನೋಡಿಯೇ ಚಿತ್ರ ಬರೆದು ಡಾಕ್ಟರಾಗಿ ಹೋದರು.

ಮಹಾನಂದಾಳ ಅಳತೆ ಬೇರೆಯೇ ಹೇಳುತ್ತಿತ್ತು. ಉಂಗುರಗಳ ಒಳಗೆ ಸರಪಳಿ ನೆಟ್ಟಗೆ ಚಾಚಿಕೊಳ್ಳುತ್ತದೆ. ಉಂಗುರವಿಲ್ಲದ ಕಡೆ ಕಳಚಿಟ್ಟ ಉಡದಾರದ ಹಾಗೆ ಮುದುಡಿ ಬೀಳುತ್ತದೆ. ಜಾಗ ಸಿಕ್ಕಂತೆ ಮೈ ಹೊಂದಿಸಿಕೊಳ್ಳುವುದೇ ಅದರ ಗುಣ. ಮೂರು ಸಲ ಅಳೆದಳು, ಮೂರು ಸಲವೂ ಅದೇ.

"ಅಳತಿ ತಪ್ಪೈತಿ," ಅಂದ ಧರ್ಮರಾಜ ಸರ್, ಕಾಗದದ ಕಡೆ ಕಣ್ಣೂ ಹಾಯಿಸದೆ. "ಚಿತ್ರದಾಗ ಗೆರಿ ನೆಟ್ಟಗ ಎಳಿ."

"ಒಮ್ಮಿ ನೋಡ್ರಿ ಸರ್. ಸರಪಳಿ ಪೂರಾ ನೆಟ್ಟಗಿದ್ರ ಇಷ್ಟು ಗಿಡ್ಡ ಹೆಂಗ ಬರತೈತ್ರಿ?"

"ನನಗ ಕಲಿಸಾಕ ಬಂದೀಯೇನು? ಸಹಿ ಬೇಕೋ ಬ್ಯಾಡೋ?"

ಥೂ, ಇವನಿಗಿಂತ ಅಪ್ಪನ ಟಗರು ವಾಸಿ ಎಂದು ಮನಸ್ಸಿನಲ್ಲೇ ಉಗಿದಳು. ಉಗಿದು, ಗೆರೆ ನೆಟ್ಟಗೆ ಎಳೆದಳು. ಸಹಿ ಬಿತ್ತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕಿ ಸುರೈಯಾ ಮೇಡಂ ಕೋಷ್ಟಕದ ಮೇಲೆ ಬೆರಳಿಟ್ಟರು. "ನಿಮ್ಮ ಅಂಕಿ ನೋಡಿದರೆ ಸರಪಳಿ ಮಡಚಿಕೊಂಡಿದೆ. ಚಿತ್ರದಲ್ಲಿ ಕೋಲಿನಂತಿದೆ. ಯಾವುದು ನಿಜ?"

ಮಹಾನಂದಾ ಬಾಯಿ ತೆರೆಯುವ ಮೊದಲೇ ಧರ್ಮರಾಜ ಸರ್ ನಕ್ಕುಬಿಟ್ಟ. "ಮಡಚತೈತಿ ಅಂತ ಮೂರು ವರ್ಷದಿಂದ ಬಡಕೊಳ್ಳಾಕತ್ತೇನ್ರಿ ಮೇಡಂ. ಈ ಹುಡುಗಿ ಕೇಳಂಗಿಲ್ಲ."

ಅಬ್ಬಾ, ಎಂಥ ನಾಲಿಗೆ! ಸುರೈಯಾ ಮೇಡಂಗೂ ಯಾಕೋ ಅನುಮಾನ ಬಂತು. ಮಹಾನಂದಾಳತ್ತ ತಿರುಗಿ ಕೇಳಿದರು, "ಹೌದೇನಮ್ಮಾ? ಹೆದರಬೇಡ, ಹೇಳು."

ನಿಜ ಹೇಳಲು ಇಂಥ ಗಳಿಗೆ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಆರು ವರ್ಷ ನೀರುಪಾಲಾದೀತೆಂಬುದೂ ಗೊತ್ತಿತ್ತು.

"ನಂದ ತಪ್ಪರಿ ಮೇಡಂ," ಅಂದಳು. "ಸರ್ ಹೇಳಿದ್ರು. ನಾನ ಕೇಳಲಿಲ್ಲ."

ಚಿತ್ರ ತಿದ್ದಿಕೊಡಲು ಹೇಳಿ ಪಾಸು ಮಾಡಿದರು. ಚಪ್ಪಾಳೆ ಬಿತ್ತು, ಪೇಢೆ ಹಂಚಿದರು. ಫೋಟೋದವನು ಕಾಯುತ್ತಿದ್ದನೆಂದು ಡಾಕ್ಟರ್ ಮಹಾನಂದಾ ಧರ್ಮರಾಜ ಸರ್ ಕಾಲಿಗೂ ಬಿದ್ದಳು. ಆರು ವರ್ಷ ಅವನನ್ನು ಕಂಡರೆ ಬರುತ್ತಿದ್ದ ಹೇಸಿಗೆ ಅಂದು ಅವಳಿಗೆ ತನ್ನ ಮೇಲೆಯೇ ಬಂತು.